ಲಿಸ್ಬನ್ನಿನ ತೇಜು ನದಿಯಲ್ಲಿ ಸೂರ್ಯಾಸ್ತದ ಹಾಯಿದೋಣಿ ವಿಹಾರ: ದಿನ ಗೊತ್ತುಮಾಡುವುದರಿಂದ ದಡ ಸೇರುವವರೆಗೆ

ಐಬೀರಿಯಾ ಪರ್ಯಾಯದ್ವೀಪದ ಅತಿ ಉದ್ದದ ನದಿಯಾದ ತೇಜು ಸ್ಪೇನಿನಲ್ಲಿ ಹುಟ್ಟಿ, ಸುಮಾರು 1,000 ಕಿಲೋಮೀಟರ್ ಹರಿದು, ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಬಳಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ನಗರವನ್ನು ಮುಟ್ಟುವ ಮೊದಲು ಮಾರ್ ದ ಪಾಲ್ಯಾ ಎಂಬ ವಿಶಾಲ ಜಲರಾಶಿಯಾಗಿ ಹರಡಿಕೊಳ್ಳುವ ಈ ನದಿ, ನಗರದ ಎದುರಿಗೆ ಬರುವಾಗ ಸುಮಾರು ಎರಡು ಕಿಲೋಮೀಟರ್ ಅಗಲಕ್ಕೆ ಕಿರಿದಾಗಿ ಪಶ್ಚಿಮಾಭಿಮುಖವಾಗಿ ಸಾಗುತ್ತದೆ. ಉತ್ತರ ದಂಡೆಯಲ್ಲಿ ಲಿಸ್ಬನ್, ದಕ್ಷಿಣ ದಂಡೆಯಲ್ಲಿ ಅಲ್ಮಾದಾ ಪಟ್ಟಣದ ಕಡಿದಾದ ಗುಡ್ಡಗಳು, ಪಶ್ಚಿಮಕ್ಕೆ ಸಾಗರ: ಸೂರ್ಯಾಸ್ತವನ್ನು ನೀರಿನ ಮೇಲಿನಿಂದ ನೋಡಲು ಇದಕ್ಕಿಂತ ಒಳ್ಳೆಯ ಹೊಂದಾಣಿಕೆಯಿರುವ ರಾಜಧಾನಿ ಯುರೋಪಿನಲ್ಲಿ ಸುಲಭಕ್ಕೆ ಸಿಗಲಾರದು.

ಇಲ್ಲಿ ಹಾಯಿದೋಣಿಯೊಂದನ್ನು ತಮ್ಮ ಕುಟುಂಬಕ್ಕೋ ಗೆಳೆಯರ ಗುಂಪಿಗೋ ಇಡಿಯಾಗಿ ಗೊತ್ತುಮಾಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಆದರೆ ಹೆಚ್ಚಿನವರು ಮೊದಲು ದೋಣಿಯ ಚಿತ್ರಗಳನ್ನು ನೋಡಿ ಆಯ್ಕೆ ಮಾಡಿ, ಆಮೇಲೆ ಖಾಲಿಯಿರುವ ಯಾವುದೋ ಒಂದು ಸಂಜೆಗೆ ಹಣ ಕಟ್ಟುತ್ತಾರೆ. ಈ ಕ್ರಮವನ್ನು ತಿರುಗುಮುರುಗು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಆ ದಿನ ಸೂರ್ಯ ಯಾವ ದಿಕ್ಕಿನಲ್ಲಿ, ಎಷ್ಟು ಹೊತ್ತಿಗೆ ಮುಳುಗುತ್ತಾನೆ, ಗಾಳಿ ಹೇಗಿರುತ್ತದೆ, ಉಬ್ಬರವೋ ಇಳಿತವೋ ಎಂಬ ಸಂಗತಿಗಳನ್ನು ಮೊದಲು ತಿಳಿದುಕೊಂಡು, ಅದಕ್ಕೆ ತಕ್ಕಂತೆ ದಿನವನ್ನೂ ಮಾರ್ಗವನ್ನೂ ನಿರ್ಧರಿಸಿ, ದೋಣಿಯನ್ನು ಕೊನೆಗೆ ಆರಿಸಬೇಕು. ಖಾಸಗಿ ವಿಹಾರಕ್ಕೆ ಹೆಚ್ಚು ಹಣ ಕೊಡುವುದರ ನಿಜವಾದ ಪ್ರಯೋಜನ ಇರುವುದೇ ಇಲ್ಲಿ, ಏಕೆಂದರೆ ಹತ್ತಾರು ಜನರ ಸಾಮೂಹಿಕ ದೋಣಿಯ ಮಾರ್ಗ ಬದಲಾಗುವುದಿಲ್ಲ, ನಿಮ್ಮ ದೋಣಿಯ ಮಾರ್ಗ ಬದಲಾಗಬಹುದು.

ಸೂರ್ಯ ಮುಳುಗುವ ದಿಕ್ಕು

ಲಿಸ್ಬನ್ನಿನಲ್ಲಿ ಜೂನ್ ತಿಂಗಳ ಕೊನೆಯ ಭಾಗದಲ್ಲಿ ಸೂರ್ಯ ರಾತ್ರಿ 9 ಗಂಟೆ 5 ನಿಮಿಷದ ಸುಮಾರಿಗೆ ಮುಳುಗಿದರೆ, ಡಿಸೆಂಬರಿನಲ್ಲಿ ಸಂಜೆ ಐದೂಕಾಲಿನ ಹೊತ್ತಿಗೇ ಮುಳುಗುತ್ತಾನೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ಅಕ್ಟೋಬರಿನ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸುವುದರಿಂದ, ಆ ಎರಡು ವಾರಾಂತ್ಯಗಳ ಆಚೀಚೆ ದೋಣಿ ಗೊತ್ತುಮಾಡುವವರು ಹೊರಡುವ ಸಮಯವನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳಬೇಕು.

ಸಮಯಕ್ಕಿಂತಲೂ ಮುಖ್ಯವಾದದ್ದು ದಿಕ್ಕು. ಜೂನ್ ಕೊನೆಯಲ್ಲಿ ಸೂರ್ಯ ನೇರ ಪಶ್ಚಿಮದಿಂದ ಸುಮಾರು 30 ಡಿಗ್ರಿ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಅಂದರೆ ಬೇಸಿಗೆಯ ನಡುವಿನಲ್ಲಿ, ನಗರವನ್ನೂ ಅಲ್ಮಾದಾವನ್ನೂ ಜೋಡಿಸುವ ಏಪ್ರಿಲ್ 25ರ ತೂಗುಸೇತುವೆಯ ಕೆಳಗೆ ನಿಂತು ನೋಡಿದರೆ ಸೂರ್ಯ ನೀರಿಗೆ ಇಳಿಯುವುದಿಲ್ಲ, ಲಿಸ್ಬನ್ ದಂಡೆಯ ಅಜುದಾ ಮತ್ತು ರೆಸ್ಟೆಲು ಬಡಾವಣೆಗಳ ಏರಿನ ಹಿಂದೆ ಮರೆಯಾಗುತ್ತಾನೆ. ಆ ಏರಿನಿಂದಾಗಿ ಪಂಚಾಂಗದಲ್ಲೋ ಫೋನಿನಲ್ಲೋ ತೋರಿಸುವ ಸಮಯಕ್ಕಿಂತ ಎಷ್ಟೋ ನಿಮಿಷ ಮೊದಲೇ ಸೂರ್ಯ ಕಣ್ಮರೆಯಾಗುವುದರಿಂದ, ಜೂನ್ ಜುಲೈಗಳಲ್ಲಿ ಹೋಗುವವರು ಸೇತುವೆಯ ಪಶ್ಚಿಮಕ್ಕೆ ಲಿಸ್ಬನ್ ದಂಡೆಯಲ್ಲಿರುವ ಹಳೆಯ ಕಾವಲುಗೋಪುರವಾದ ಬೆಲೇಂ ಗೋಪುರವನ್ನು ದಾಟಿ ಮುಂದಕ್ಕೆ ಸಾಗಿ, ದಕ್ಷಿಣ ದಂಡೆಯ ಕಡೆಗೆ ಸರಿದು ನಿಲ್ಲುವಂತೆ ನಾವಿಕನನ್ನು ಕೇಳಿಕೊಳ್ಳಬೇಕು. ದಂಡೆ ದೂರವಾದಷ್ಟೂ ಗುಡ್ಡ ತಗ್ಗಾಗಿ ಕಾಣುತ್ತದೆ.

ಡಿಸೆಂಬರ್ ಜನವರಿಗಳಲ್ಲಿ ಇದು ತಲೆಕೆಳಗಾಗುತ್ತದೆ. ಆಗ ಪಶ್ಚಿಮಕ್ಕೆ ಹೋಗುವ ಬದಲು ಪೂರ್ವಕ್ಕೆ ಹೋಗಿ, ಕೈಶ್ ದು ಸೊದ್ರೆ ನಿಲ್ದಾಣದ ಎದುರಿನ ನಡುನದಿಯಲ್ಲಿ ನಿಂತರೆ, ಸೂರ್ಯ ಅಲ್ಮಾದಾ ಗುಡ್ಡದ ಮೇಲಿನ ಕ್ರಿಸ್ಟು ರೈ ಎಂಬ ಯೇಸುಕ್ರಿಸ್ತನ ಪ್ರತಿಮೆಯ ಆಸುಪಾಸಿನಲ್ಲಿ ಇಳಿಯುವುದನ್ನು ಕಾಣಬಹುದು. 1959ರ ಮೇ 17ರಂದು ಉದ್ಘಾಟನೆಯಾದ ಈ ಪ್ರತಿಮೆ 28 ಮೀಟರ್ ಎತ್ತರವಿದ್ದು, ಅದನ್ನು ಹೊತ್ತಿರುವ ಪೀಠವೇ 80 ಮೀಟರ್ ದಾಟುತ್ತದೆ. ತೋಳು ಚಾಚಿದ ಆ ಆಕೃತಿಯ ಹಿಂದಿನಿಂದ ಬೆಳಕು ಬರುವ ನೋಟ ಬೇಕಿದ್ದರೆ, ಈ ಜಾಗದಿಂದ ಚಳಿಗಾಲವನ್ನು ಬಿಟ್ಟು ಬೇರೆ ಕಾಲದಲ್ಲಿ ಅದು ದೊರೆಯದು. ಇಲ್ಲಿಯೂ ಗುಡ್ಡ ಅಡ್ಡ ಬರುವುದರಿಂದ, ಲೆಕ್ಕದ ಸೂರ್ಯಾಸ್ತಕ್ಕಿಂತ ಕಾಲು ಗಂಟೆಯಷ್ಟಾದರೂ ಮುಂಚೆ ಆ ಜಾಗದಲ್ಲಿರಬೇಕು.

ಸೂರ್ಯ ಅಳಿವೆಯ ಕಡೆಗೇ, ತೆರೆದ ನೀರಿನ ದಿಕ್ಕಿನಲ್ಲೇ ಮುಳುಗುವುದನ್ನು ನೋಡಬೇಕೆನ್ನುವವರಿಗೆ ಅಕ್ಟೋಬರ್ ತಿಂಗಳ ನಡುಭಾಗದಿಂದ ಕೊನೆಯವರೆಗಿನ ದಿನಗಳು, ಇಲ್ಲವೇ ಫೆಬ್ರವರಿಯ ದಿನಗಳು ತಕ್ಕವು. ಇವೆರಡರಲ್ಲಿ ಅಕ್ಟೋಬರನ್ನೇ ನಾನು ಆರಿಸುತ್ತೇನೆ. ಫೆಬ್ರವರಿ ಲಿಸ್ಬನ್ನಿನ ಮಳೆಗಾಲದೊಳಗೆ ಬರುತ್ತದೆ, ಅಕ್ಟೋಬರಿನಲ್ಲಿ ಬೇಸಿಗೆಯ ಬಿಸುಪು ಇನ್ನೂ ಸ್ವಲ್ಪ ಉಳಿದಿರುತ್ತದೆ, ಸೂರ್ಯಾಸ್ತವೂ ಸಂಜೆ ಏಳರ ಹೊತ್ತಿಗೆ ಆಗುವುದರಿಂದ ಊಟದ ಸಮಯ ಕೆಡುವುದಿಲ್ಲ.

ಗಾಳಿ ಮತ್ತು ನೀರು

ಪೋರ್ಚುಗಲ್ಲಿನ ಪಶ್ಚಿಮ ಕರಾವಳಿಯಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಉತ್ತರದಿಂದ ಬೀಸುವ ಗಾಳಿಗೆ ಸ್ಥಳೀಯರು ನೊರ್ತಾದಾ ಎನ್ನುತ್ತಾರೆ. ಒಳನಾಡು ಕಾದು ಅಲ್ಲಿ ವಾಯುಭಾರ ಕುಸಿದಾಗ, ಅಟ್ಲಾಂಟಿಕ್ಕಿನ ಮೇಲಿನ ಅಧಿಕ ಒತ್ತಡದ ಪ್ರದೇಶದಿಂದ ಗಾಳಿ ಕರಾವಳಿಯನ್ನು ಅನುಸರಿಸಿ ದಕ್ಷಿಣಕ್ಕೆ ನುಗ್ಗುತ್ತದೆ. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಇದು ಮಧ್ಯಾಹ್ನದ ನಂತರ ಬಲಗೊಂಡು ಸಂಜೆಯವರೆಗೂ ಬೀಸುವುದುಂಟು. ನಗರದ ಬೀದಿಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದ ದಿನವೂ ನದಿಯ ಮೇಲೆ ಜಾಕೆಟ್ ಬೇಕಾಗುವುದು ಈ ಗಾಳಿಯಿಂದ.

ಆದರೆ ಹಾಯಿದೋಣಿಗೆ ಇದೇ ಗಾಳಿ ವರವೂ ಹೌದು. ನದಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವುದರಿಂದ ಉತ್ತರದ ಗಾಳಿ ಹೋಗುವಾಗಲೂ ಬರುವಾಗಲೂ ದೋಣಿಯ ಪಕ್ಕದಿಂದ ಬೀಸುತ್ತದೆ, ಹಾಗಾಗಿ ಅಂಕುಡೊಂಕಾಗಿ ಗಾಳಿಗೆದುರು ಹೆಣಗುವ ಅಗತ್ಯವಿಲ್ಲದೆ ಎರಡೂ ದಿಕ್ಕಿಗೆ ನೇರವಾಗಿ, ವೇಗವಾಗಿ ಸಾಗಬಹುದು. ದೋಣಿ ದಕ್ಷಿಣಕ್ಕೆ ವಾಲುತ್ತದೆ. ಪಶ್ಚಿಮಕ್ಕೆ ಹೋಗುವಾಗ ಬಲಬದಿ ಎತ್ತರದಲ್ಲಿರುತ್ತದೆ, ಹಿಂದಿರುಗುವಾಗ ಎಡಬದಿ. ಸಿಡಿಯುವ ನೀರಿನಿಂದ ದೂರವಿರಲು ಎತ್ತರದ ಬದಿಯೇ ಲೇಸು, ವಾಲುವಿಕೆಗೆ ಹೆದರುವವರು ಮಾತ್ರ ದೋಣಿಯ ಹಿಂಭಾಗದಲ್ಲಿ, ಚುಕ್ಕಾಣಿಯ ಹತ್ತಿರದ ತಗ್ಗಾದ ಆಸನದಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು. ಅಲ್ಕಾಂತರಾ ಕಣಿವೆಯ ಎದುರಿಗೆ ಬಂದಾಗ ಗಾಳಿ ಏಕಾಏಕಿ ರಭಸವಾಗಿ ಬೀಸಿ ದೋಣಿ ಒಮ್ಮೆಗೇ ಓರೆಯಾಗಬಹುದು. ಕೈಯಲ್ಲಿ ಲೋಟ ಹಿಡಿದು ನಿಲ್ಲುವ ಜಾಗ ಅದಲ್ಲ.

ಗಾಳಿಗಿಂತ ಕಡಿಮೆ ಜನ ಗಮನಿಸುವುದು ಉಬ್ಬರವಿಳಿತವನ್ನು. ಲಿಸ್ಬನ್ನಿನ ಎದುರಿನ ನೀರು ಹೆಸರಿಗೆ ನದಿಯಾದರೂ ನಡತೆಯಲ್ಲಿ ಸಮುದ್ರ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ 3 ಮೀಟರಿಗಿಂತ ಹೆಚ್ಚು ಏರಿಳಿಯುತ್ತದೆ, ಮತ್ತು ಮಾರ್ ದ ಪಾಲ್ಯಾದಲ್ಲಿ ತುಂಬಿಕೊಂಡ ಅಷ್ಟೂ ನೀರು ಆರು ಗಂಟೆಗಳಲ್ಲಿ ಆ ಕಿರಿದಾದ ದಾರಿಯಿಂದಲೇ ಹೊರಗೆ ಹೋಗಬೇಕಾಗುತ್ತದೆ. ಆಗ ಇಳಿತದ ಸೆಳೆತ 2 ನಾಟ್ ದಾಟುವುದುಂಟು (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್ ವೇಗ). ಸಾಧಾರಣ ಹಾಯಿದೋಣಿಯೊಂದು 5 ನಾಟ್ ವೇಗದಲ್ಲಿ ಸಾಗುತ್ತದೆ ಎಂದುಕೊಳ್ಳಿ. ಸೇತುವೆಯಿಂದ ಬೆಲೇಂ ಗೋಪುರಕ್ಕೆ ಸುಮಾರು ಮೂರೂವರೆ ಕಿಲೋಮೀಟರ್. 2 ನಾಟ್ ಇಳಿತದ ಜೊತೆಗೆ ಹೋಗುವಾಗ ಈ ದೂರಕ್ಕೆ 16 ನಿಮಿಷ ಸಾಕು. ಅದೇ ಇಳಿತಕ್ಕೆ ಎದುರಾಗಿ ಹಿಂದಿರುಗಲು 38 ನಿಮಿಷ ಬೇಕು. ಎರಡು ಗಂಟೆಯ ವಿಹಾರದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಹಿಂದಿರುಗುವ ಸಮಯ ಮೀರಿತೆಂದು ನಾವಿಕ ಹಾಯಿ ಇಳಿಸಿ ಎಂಜಿನ್ ಹಾಕುವುದು, ಮುಸ್ಸಂಜೆಯ ಅತ್ಯಂತ ಚೆಂದದ ಹೊತ್ತಿನಲ್ಲಿ ಡೀಸೆಲ್ ವಾಸನೆಯನ್ನು ಸಹಿಸಬೇಕಾಗುವುದು, ಬಹುಪಾಲು ಇಂತಹ ಲೆಕ್ಕ ತಪ್ಪಿದ ಸಂಜೆಗಳಲ್ಲೇ.

ಹಾಗಾಗಿ ಲಿಸ್ಬನ್ ಬಂದರಿನ ಉಬ್ಬರವಿಳಿತದ ಪಟ್ಟಿಯನ್ನು ನೋಡಿ, ಸೂರ್ಯಾಸ್ತದ ಹೊತ್ತಿಗೆ ಇಳಿತ ಮುಗಿಯುತ್ತಾ ಬರುವ ಅಥವಾ ಉಬ್ಬರ ಆರಂಭವಾಗುವ ದಿನವನ್ನು ಹುಡುಕುವುದು ಉತ್ತಮ. ಹೋಗುವಾಗ ಇಳಿತ ಪಶ್ಚಿಮಕ್ಕೆ ಒಯ್ಯುತ್ತದೆ, ಬರುವಾಗ ಉಬ್ಬರ ನಗರದ ಕಡೆಗೆ ತರುತ್ತದೆ. ಉಬ್ಬರದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ಪ್ರವಾಸದ ಒಂದು ವಾರದಲ್ಲಿ ಅನುಕೂಲವಾದ ಒಂದೆರಡು ಸಂಜೆಗಳು ಸಿಗುವ ಸಾಧ್ಯತೆ ಹೆಚ್ಚು. ಹುಣ್ಣಿಮೆಯ ಸಂಜೆಯ ಮಾತು ಬೇರೆ. ಲಿಸ್ಬನ್ನಿನಲ್ಲಿ ಹುಣ್ಣಿಮೆಯ ಉಬ್ಬರ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಬರುವುದರಿಂದ ಸಂಜೆಗೆ ಇಳಿತದ ಸೆಳೆತ ಬಲವಾಗಿರುತ್ತದೆ, ಆದರೆ ಪಶ್ಚಿಮದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಚಂದ್ರ ಏಳುತ್ತಿರುತ್ತಾನೆ. ಅಂತಹ ದಿನ ಬೆಲೇಮಿಗೆ ಹೋಗುವ ಆಸೆಯನ್ನು ಬಿಟ್ಟು, ಸೇತುವೆಯ ಪೂರ್ವಕ್ಕೇ ಸುತ್ತಾಡಿಕೊಂಡು ಎರಡೂ ದಿಕ್ಕುಗಳನ್ನು ನೋಡುವುದು ಜಾಣತನ.

ಬಲವಾದ ಇಳಿತಕ್ಕೆ ಎದುರಾಗಿ ಸಾಗರದಿಂದ ಪಶ್ಚಿಮದ ಗಾಳಿ ಬೀಸಿದರೆ ಅಳಿವೆಯ ಕಡೆ ಅಲೆಗಳು ಕಡಿದಾಗಿ, ಒಂದರ ಹಿಂದೆ ಒಂದು ಒತ್ತೊತ್ತಾಗಿ ಏಳುತ್ತವೆ. ಹೊಟ್ಟೆ ತೊಳಸುವ ತೊಂದರೆಯಿರುವವರು ಅಂತಹ ದಿನ ಬೆಲೇಂ ದಾಟಿ ಹೋಗದಿರುವುದು ಲೇಸು. ಔಷಧಿ ತೆಗೆದುಕೊಳ್ಳುವುದಿದ್ದರೆ ವೈದ್ಯರನ್ನು ಕೇಳಿ, ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು; ತಲೆ ಸುತ್ತಲು ಆರಂಭವಾದ ಮೇಲೆ ಮಾತ್ರೆ ನುಂಗಿ ಫಲವಿಲ್ಲ.

ದೋಣಿಯನ್ನು ಗೊತ್ತುಮಾಡುವಾಗ

ಪೋರ್ಚುಗಲ್ಲಿನಲ್ಲಿ ಪ್ರವಾಸಿಗರನ್ನು ಹಣಕ್ಕಾಗಿ ದೋಣಿಯಲ್ಲಿ ಕರೆದೊಯ್ಯುವವರು ತುರಿಸ್ಮು ದೆ ಪೋರ್ಚುಗಲ್ ಎಂಬ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆಯ ರಾಷ್ಟ್ರೀಯ ನೋಂದಣಿ ಪಟ್ಟಿಯಲ್ಲಿ ಹೆಸರು ದಾಖಲಿಸಿರಬೇಕು. ಆರ್‌ಎನ್‌ಎಎಟಿ ಎಂಬ ಅಕ್ಷರಗಳ ಮುಂದೆ ಬರೆದಿರುವ ಸಂಖ್ಯೆಯೇ ಆ ನೋಂದಣಿ. ಹೊಣೆಗಾರಿಕೆ ವಿಮೆ ಮತ್ತು ಅಪಘಾತ ವಿಮೆ ಎರಡೂ ಇರಬೇಕೆಂಬುದು ಅದರ ಷರತ್ತುಗಳಲ್ಲಿ ಸೇರಿದೆ. ಈ ಸಂಖ್ಯೆಯನ್ನು ಕೇಳಿದಾಗ ತಕ್ಷಣ ಕೊಡದೆ ಮಾತು ಬದಲಿಸುವವರಿದ್ದರೆ, ಬೆಲೆ ಎಷ್ಟೇ ಅಗ್ಗವಾಗಿರಲಿ, ಅಲ್ಲಿಗೇ ವ್ಯವಹಾರ ನಿಲ್ಲಿಸಬೇಕು.

ಖಾಸಗಿ ವಿಹಾರದ ಬೆಲೆಯನ್ನು ಸಾಮಾನ್ಯವಾಗಿ ತಲೆಯ ಲೆಕ್ಕದಲ್ಲಲ್ಲ, ಇಡೀ ದೋಣಿಗೆ ಇಂತಿಷ್ಟು ಯೂರೊ ಎಂದು ಹೇಳುತ್ತಾರೆ. ಇಬ್ಬರೇ ಹೋದರೆ ದುಬಾರಿ ಎನಿಸುವ ಮೊತ್ತ ಆರೇಳು ಮಂದಿ ಹಂಚಿಕೊಂಡರೆ ಸಾಮೂಹಿಕ ವಿಹಾರದ ಟಿಕೆಟ್ಟಿನ ಹತ್ತಿರಕ್ಕೆ ಬರುವುದುಂಟು. ಗರಿಷ್ಠ ಎಷ್ಟು ಜನ ಎಂಬ ಸಂಖ್ಯೆಯನ್ನು ನಂಬಿ ಅಷ್ಟೂ ಜನರನ್ನು ತುಂಬಿಸಬೇಡಿ; ಹನ್ನೆರಡು ಜನರಿಗೆ ಅನುಮತಿಯಿರುವ ದೋಣಿಯಲ್ಲಿ ಎಂಟು ಜನ ಆರಾಮವಾಗಿ ಕೂರಬಹುದು ಎಂದು ಲೆಕ್ಕ ಹಾಕುವುದು ವಾಸ್ತವಕ್ಕೆ ಹತ್ತಿರ. ಹವಾಮಾನ ಕೆಟ್ಟರೆ ಹಣ ಮರಳಿಸುತ್ತಾರೋ, ಬೇರೆ ದಿನ ಕೊಡುತ್ತಾರೋ, ಆ ತೀರ್ಮಾನ ಎಷ್ಟು ಗಂಟೆ ಮೊದಲು ತಿಳಿಯುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಬೇಕು. ಪ್ರವಾಸದ ಕೊನೆಯ ಸಂಜೆಗೆ ದೋಣಿಯನ್ನು ಗೊತ್ತುಮಾಡಬಾರದೆಂದು ಹೇಳುವುದೂ ಇದಕ್ಕಾಗಿಯೇ.

ನಾನು ತಪ್ಪದೆ ಕೇಳಲು ಹೇಳುವ ಇನ್ನೊಂದು ಪ್ರಶ್ನೆಯೆಂದರೆ, ಗಾಳಿಯಿದ್ದರೆ ನಿಜವಾಗಿ ಹಾಯಿ ಬಿಚ್ಚುತ್ತೀರೋ ಇಲ್ಲವೋ ಎಂಬುದು. ಹಾಯಿಯನ್ನು ಸುತ್ತಿಟ್ಟು ಇಡೀ ಎರಡು ಗಂಟೆ ಎಂಜಿನ್ ಮೇಲೆಯೇ ತಿರುಗಾಡಿಸುವ ದೋಣಿಗಳೂ ಇವೆ. ಚುಕ್ಕಾಣಿ ಹಿಡಿಯಲು, ಹಗ್ಗ ಎಳೆಯಲು ಅವಕಾಶವಿದೆಯೇ ಎಂದೂ ಕೇಳಿ. ಮಕ್ಕಳಿದ್ದರೆ ಅವರ ತೂಕವನ್ನು ಮೊದಲೇ ತಿಳಿಸಬೇಕು, ಏಕೆಂದರೆ ಲೈಫ್ ಜಾಕೆಟ್ಟುಗಳ ಅಳತೆ ವಯಸ್ಸಿನ ಮೇಲಲ್ಲ, ದೇಹದ ತೂಕದ ಮೇಲೆ ನಿಂತಿದೆ. ಶೌಚಾಲಯವಿದೆಯೇ ಎಂಬ ಪ್ರಶ್ನೆಗೆ ಸಂಕೋಚ ಬೇಡ.

ಬಟ್ಟೆಬರೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ: ಗಾಳಿ ತಡೆಯುವ ಜಾಕೆಟ್, ಡೆಕ್ಕಿನ ಮೇಲೆ ಗುರುತು ಬೀಳಿಸದ ಮೆದು ಅಟ್ಟೆಯ ಶೂ, ಹಗ್ಗ ಕಟ್ಟಿದ ಕನ್ನಡಕ. ಚಕ್ರದ ಸೂಟ್‌ಕೇಸನ್ನು ದೋಣಿಗೆ ತರಬಾರದು.

ನೀರಿನ ಮೇಲೆ

ಹೆಚ್ಚಿನ ವಿಹಾರಗಳು ಸೇತುವೆಯ ಬುಡದಲ್ಲೇ ಇರುವ ದೋಕಾ ದೆ ಸಾಂತು ಅಮಾರುದಿಂದಲೋ, ಬೆಲೇಮಿನ ಧಕ್ಕೆಗಳಿಂದಲೋ ಹೊರಡುತ್ತವೆ. ಮೊದಲನೆಯದಕ್ಕೆ ಕೈಶ್ ದು ಸೊದ್ರೆಯಿಂದ ಕಶ್ಕಾಯ್ಶ್ ಕಡೆಗೆ ಹೋಗುವ ರೈಲಿನಲ್ಲಿ ಅಲ್ಕಾಂತರಾ ಮಾರ್ ನಿಲ್ದಾಣದಲ್ಲಿಳಿದು ನಡೆಯಬಹುದು. ಈ ಎರಡು ಜಾಗಗಳ ಹೆಸರನ್ನು ಬೆರೆಸಿಕೊಂಡು ತಪ್ಪು ಧಕ್ಕೆಯಲ್ಲಿ ಕಾಯುವವರು ಕಡಿಮೆಯಿಲ್ಲ, ಆದ್ದರಿಂದ ನಕಾಶೆಯ ಗುರುತನ್ನೇ ಕಳುಹಿಸಲು ಹೇಳಿ. ದೋಣಿ ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮೊದಲು ಹೊರಟು, ಸೂರ್ಯ ಮುಳುಗಿದ ಅರ್ಧ ಗಂಟೆಯ ನಂತರ ಮರಳುವಂತೆ ಸಮಯ ಗೊತ್ತುಮಾಡಿದರೆ ಸಂಧ್ಯಾಪ್ರಕಾಶವೂ ದಕ್ಕುತ್ತದೆ. ಈ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೂ ಸುಮಾರು ಅರ್ಧ ಗಂಟೆ ಬೆಳಕು ಉಳಿಯುತ್ತದೆ, ಸೂರ್ಯ ಮರೆಯಾದ ಕೂಡಲೇ ದೋಣಿ ತಿರುಗಿಸುವ ವಿಹಾರದಲ್ಲಿ ಅದು ಧಕ್ಕೆಯೊಳಗೇ ಕಳೆದುಹೋಗುತ್ತದೆ.

ಮೊದಲ ಮುಕ್ಕಾಲು ಗಂಟೆಯನ್ನು ಪೂರ್ವದ ಕಡೆಗೆ ಕೊಡುವುದು ನನಗೆ ಸರಿ ಎನಿಸುತ್ತದೆ. ನಗರದ ಮುಖ ದಕ್ಷಿಣಕ್ಕಿರುವುದರಿಂದ ಪಶ್ಚಿಮದ ಓರೆ ಬೆಳಕು ಹಳೆಯ ಬಡಾವಣೆಯಾದ ಅಲ್ಫಾಮಾದ ಗೋಡೆಗಳ ಮೇಲೂ ಸಾವ್ ಜಾರ್ಜ್ ಕೋಟೆಯ ಮೇಲೂ ಬೀಳುವುದು ಈ ಹೊತ್ತಿನಲ್ಲೇ. 1755ರ ನವೆಂಬರ್ 1ರ ಭೂಕಂಪ, ಬೆಂಕಿ ಮತ್ತು ಸುನಾಮಿಗಳಲ್ಲಿ ಅರಮನೆ ನಾಶವಾದ ಜಾಗದಲ್ಲಿ ಕಟ್ಟಿದ ಪ್ರಾಸಾ ದು ಕೊಮೆರ್ಸಿಯು ಚೌಕ ನದಿಗೆ ಬಾಗಿಲು ತೆರೆದಂತಿದೆ. ನೀರಿಗಿಳಿಯುವ ಅದರ ಮೆಟ್ಟಿಲುಗಳು, ಎರಡು ಕಂಬಗಳು, ಹಿಂದಿನ ಕಮಾನು ಒಂದೇ ಸಾಲಿನಲ್ಲಿ ಕಾಣುವುದು ದೋಣಿಯಿಂದ ಮಾತ್ರ. ಇಲ್ಲಿ ಕಸಿಲ್ಯಾಶ್ ಮುಂತಾದ ಊರುಗಳ ದೋಣಿಸೇವೆಗಳು ಅಡ್ಡಡ್ಡ ಓಡಾಡುವುದರಿಂದ ನಾವಿಕ ಮಾರ್ಗ ಬದಲಿಸಿದರೆ ತಕರಾರು ತೆಗೆಯಬಾರದು. ಅಂತಾರಾಷ್ಟ್ರೀಯ ನೌಕಾ ನಿಯಮದ ಪ್ರಕಾರ, ಕಿರಿದಾದ ಕಾಲುವೆಯಲ್ಲಷ್ಟೇ ಸುರಕ್ಷಿತವಾಗಿ ಚಲಿಸಬಲ್ಲ ದೊಡ್ಡ ಹಡಗಿಗೆ ಹಾಯಿದೋಣಿ ಅಡ್ಡಿಯಾಗಕೂಡದು.

ಆಮೇಲೆ ಸೇತುವೆ. 1966ರ ಆಗಸ್ಟ್ 6ರಂದು ಸರ್ವಾಧಿಕಾರಿ ಸಲಾಜಾರನ ಹೆಸರಿನಲ್ಲಿ ತೆರೆದ ಈ ತೂಗುಸೇತುವೆಗೆ, 1974ರ ಏಪ್ರಿಲ್ 25ರ ಕ್ರಾಂತಿಯ ನಂತರ ಆ ದಿನದ ಹೆಸರನ್ನೇ ಇಟ್ಟರು. ನಡುವಿನ ಅಂತರ 1,013 ಮೀಟರ್, ನೀರಿನಿಂದ ಎತ್ತರ 70 ಮೀಟರ್. ಹತ್ತಿರ ಬರುತ್ತಿದ್ದಂತೆ ದೋಣಿಯ ಕಂಬ ಸೇತುವೆಗೆ ತಾಗಿಯೇ ಬಿಡುತ್ತದೆ ಎಂದು ಪ್ರತಿಯೊಬ್ಬರೂ ಕತ್ತೆತ್ತಿ ನೋಡುತ್ತಾರೆ. ವಾಸ್ತವದಲ್ಲಿ ಅಂತಹ ಮೂರು ಕಂಬಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಜಾಗ ಉಳಿಯುತ್ತದೆ. ಕೆಳಗೆ ಹೋದಾಗ ಕಿವಿಗೆ ಬೀಳುವ ದುಂಬಿಗಳ ಹಿಂಡಿನಂತಹ ಗುಂಯ್‌ಗುಟ್ಟುವಿಕೆ, ರಸ್ತೆಯ ಕೆಲವು ಪಥಗಳಲ್ಲಿ ಹಾಸಿರುವ ಉಕ್ಕಿನ ಜಾಲರಿಯ ಮೇಲೆ ಕಾರುಗಳ ಚಕ್ರಗಳು ಉರುಳುವ ಸದ್ದು. 1999ರಿಂದ ಕೆಳ ಅಂತಸ್ತಿನಲ್ಲಿ ರೈಲೂ ಓಡುತ್ತದೆ, ಅದರ ಸದ್ದು ಬೇರೆಯದೇ. ಬೆಳಗುವ ಆಕಾಶಕ್ಕೆ ಎದುರಾಗಿ ಸೇತುವೆಯ ಕಪ್ಪು ರೇಖೆಯ ಚಿತ್ರ ಬೇಕಿದ್ದವರು ಅದನ್ನು ದಾಟುವ ಮೊದಲೇ ತೆಗೆದುಕೊಳ್ಳಬೇಕು, ದಾಟಿದ ಮೇಲೆ ಸೇತುವೆ ಬೆನ್ನಿಗೆ ಬೀಳುತ್ತದೆ. ಫೋನಿನಲ್ಲಿ ಆಕಾಶದ ಪ್ರಕಾಶಮಾನ ಭಾಗವನ್ನು ಮುಟ್ಟಿ ಬೆಳಕನ್ನು ತಗ್ಗಿಸಿಕೊಂಡರೆ ಬಣ್ಣ ಬಿಳಿಚಿಕೊಳ್ಳುವುದಿಲ್ಲ.

ಸೇತುವೆಯಾಚೆ ಬಲಕ್ಕೆ 2016ರಲ್ಲಿ ತೆರೆದ ಮಾಟ್ ವಸ್ತುಸಂಗ್ರಹಾಲಯದ ಬಾಗಿದ ಬಿಳಿ ಹೆಂಚುಗಳು, ನೌಕಾಯಾನಿಗಳ ಸ್ಮಾರಕ, ಕೊನೆಗೆ ಹದಿನಾರನೆಯ ಶತಮಾನದ ಮೊದಲ ದಶಕಗಳಲ್ಲಿ ಕಟ್ಟಿದ ಬೆಲೇಂ ಗೋಪುರ ಕಾಣುತ್ತವೆ. ಗೋಪುರ 1983ರಿಂದ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಕಾವಲಿಗೆಂದು ನದಿಯ ಕಡೆಗೇ ಮುಖ ಮಾಡಿ ಕಟ್ಟಿದ್ದಾದ್ದರಿಂದ, ದಡದ ಸಾಲಿನಲ್ಲಿ ನಿಂತು ನೋಡುವುದಕ್ಕಿಂತ ನೀರಿನಿಂದ ನೋಡುವುದೇ ಅದಕ್ಕೆ ನ್ಯಾಯ.

ದೋಣಿ ದಿಕ್ಕು ಬದಲಿಸುವಾಗ ಹಾಯಿಯ ಬುಡದ ಅಡ್ಡದಿಮ್ಮಿ, ಅಂದರೆ ಬೂಮ್, ಒಂದು ಬದಿಯಿಂದ ಇನ್ನೊಂದು ಬದಿಗೆ ರಭಸದಿಂದ ಬೀಸಿ ಬರುತ್ತದೆ. ನಾವಿಕ ಕೂಗಿ ಎಚ್ಚರಿಸಿದ ಕೂಡಲೇ ತಲೆ ತಗ್ಗಿಸಿ ಕುಳಿತುಬಿಡಬೇಕು, ಚಿತ್ರ ತೆಗೆಯುತ್ತಾ ಎದ್ದು ನಿಲ್ಲಬಾರದು. ಬಿಗಿದ ಹಗ್ಗ ಸುತ್ತಿರುವ ರಾಟೆಯ ಹತ್ತಿರ ಬೆರಳು ಇಡಬಾರದು. ಕತ್ತಲಾಗುತ್ತಿದ್ದಂತೆ ಡೆಕ್ಕಿನ ಮುಂಭಾಗ ಬಿಟ್ಟು ಎಲ್ಲರೂ ಹಿಂದಕ್ಕೆ ಬಂದು ಕುಳಿತುಕೊಳ್ಳುವುದು ಉತ್ತಮ, ಮಕ್ಕಳ ಲೈಫ್ ಜಾಕೆಟ್ಟನ್ನಂತೂ ಧಕ್ಕೆ ಸೇರುವವರೆಗೆ ಬಿಚ್ಚಬಾರದು. ಸೂರ್ಯಾಸ್ತದಿಂದ ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ದೀಪ ಉರಿಯಬೇಕೆಂಬುದು ನಿಯಮ. ಅವು ಉರಿಯದಿದ್ದರೆ ನಾವಿಕನಿಗೆ ನೆನಪಿಸುವುದರಲ್ಲಿ ತಪ್ಪೇನಿಲ್ಲ.

ಧಕ್ಕೆಯ ತೇಲುವ ಕಟ್ಟೆ ನೀರಿನೊಂದಿಗೆ ಏರಿಳಿಯುವುದರಿಂದ, ಹೊರಡುವಾಗ ಸಮತಟ್ಟಾಗಿದ್ದ, ಕಟ್ಟೆಯಿಂದ ದಡಕ್ಕೆ ಹತ್ತಿಸುವ ಕಿರುಸೇತುವೆ ಇಳಿತದ ಹೊತ್ತಿಗೆ ಮರಳಿದಾಗ ಕಡಿದಾದ ಏರಾಗಿರುತ್ತದೆ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಅವರನ್ನು ಮೊದಲು ಇಳಿಸಿ, ಪಕ್ಕದ ಕಂಬಿ ಹಿಡಿದು ನಿಧಾನವಾಗಿ ಹತ್ತಲು ಬಿಡಬೇಕು, ಸಾಮಾನುಗಳನ್ನು ಉಳಿದವರು ಹಿಂದಿನಿಂದ ತರಬಹುದು.